ಡೆಲಿಲೊನ ‘ಅಂಡರ್‌ವರ್ಲ್ಡ್’: ಹಿಂದಕ್ಕೆ ನಡೆಯುವ 827 ಪುಟಗಳನ್ನು ಓದುವ ಬಗೆ

ಪುಟತಿರುವು
ಅಮೆರಿಕದ ಕಾದಂಬರಿಕಾರ ಡಾನ್ ಡೆಲಿಲೊನ ‘ಅಂಡರ್‌ವರ್ಲ್ಡ್’ (ಸ್ಕ್ರಿಬ್ನರ್, 1997) ಬಗ್ಗೆ ಈ ಚರ್ಚಾತಾಣದ ಬೇರೆ ಬೇರೆ ಎಳೆಗಳಲ್ಲಿ ಚೂರುಪಾರು ಮಾತಾಗಿದೆ. ಒಂದೇ ಕಡೆ ಸಿಗಲಿ ಅಂತ ಇದು.

ಈ ಪುಸ್ತಕವನ್ನು ಅರ್ಧಕ್ಕೆ ಬಿಡುವವರು ಸಾಮಾನ್ಯವಾಗಿ ಎರಡನೇ ಭಾಗದಲ್ಲಿ ಬಿಡುತ್ತಾರೆ. ಅದಕ್ಕೆ ಕಾರಣ ಭಾಷೆ ಅಲ್ಲ, ಕಾಲದ ಜೋಡಣೆ. ಪೀಠಿಕೆ ನಡೆಯುವುದು 1951ರ ಅಕ್ಟೋಬರ್ 3ರಂದು, ನ್ಯೂಯಾರ್ಕಿನ ಒಂದು ಬೇಸ್‌ಬಾಲ್ ಪಂದ್ಯದಲ್ಲಿ. ಅಲ್ಲಿಂದ ಒಂದೇ ನೆಗೆತಕ್ಕೆ 1992. ಆಮೇಲೆ ಭಾಗದಿಂದ ಭಾಗಕ್ಕೆ ಹಿಂದೆ ಹಿಂದೆ: 80ರ ದಶಕದ ನಡುವಿನಿಂದ 90ರ ಆರಂಭ, 1978ರ ವಸಂತ, 1974ರ ಬೇಸಿಗೆ, 50-60ರ ದಶಕಗಳ ತುಣುಕುಗಳು, ಕೊನೆಗೆ 1951-52. ಉಪಸಂಹಾರ ಮಾತ್ರ ಮತ್ತೆ 90ರ ದಶಕಕ್ಕೆ ಬರುತ್ತದೆ.

ಮೂರು ಪ್ರಶ್ನೆ. ಬೇಸ್‌ಬಾಲ್ ಗೊತ್ತಿಲ್ಲದೆ ಪೀಠಿಕೆ ದಾಟಬಹುದೇ? ಆ ಪಂದ್ಯ ಗೆಲ್ಲಿಸಿ, ಆಮೇಲೆ ಕೈಯಿಂದ ಕೈಗೆ ದಾಟುವ ಚೆಂಡಿನ ಜಾಡನ್ನು ಹೇಗೆ ಹಿಡಿದಿಟ್ಟುಕೊಳ್ಳುವುದು? ಕಾಲಾನುಕ್ರಮಕ್ಕೆ ತಿರುಗಿಸಿ ಓದಿದರೆ ಏನು ನಷ್ಟ?

ಎಚ್ಚರಿಕೆ: ಕೊನೆಯಲ್ಲಿ ಬಯಲಾಗುವ ಗುಟ್ಟುಗಳನ್ನೂ ಇಲ್ಲಿ ಮುಚ್ಚಿಟ್ಟಿಲ್ಲ.

ಬಾಲ್ಕನಿ ಸೀಟು
ಮೊದಲನೆಯದು ನನಗಿರಲಿ. ಕ್ರಿಕೆಟ್ ಬಲ್ಲವರಿಗೆ ಹತ್ತು ನಿಮಿಷದ ಪಾಠ ಸಾಕು. ಮೂರು ಔಟ್ ಆದರೆ ಒಂದು ತಂಡದ ಸರದಿ ಮುಗಿಯಿತು. ಎರಡೂ ತಂಡಕ್ಕೆ ಹೀಗೆ ಒಂಬತ್ತೊಂಬತ್ತು ಸರದಿ. ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್. ಹೊಡೆದ ಚೆಂಡು ನೇರ ಗ್ಯಾಲರಿಗೆ ಹೋದರೆ ಹೋಮ್ ರನ್. ಹೊಡೆದವನ ಜೊತೆಗೆ ಬೇಸ್‌ಗಳ ಮೇಲೆ ಕಾಯುತ್ತಿದ್ದವರೂ ಸುತ್ತಿ ಬರುತ್ತಾರೆ. ಕ್ರಿಕೆಟ್ಟಿನಲ್ಲಿ ಇಲ್ಲದ ಒಂದು ಸಂಗತಿಯನ್ನು ಮರೆಯಬೇಡಿ, ಕಾದಂಬರಿ ನಿಂತಿರುವುದೇ ಅದರ ಮೇಲೆ. ಗ್ಯಾಲರಿಗೆ ಬಿದ್ದ ಚೆಂಡನ್ನು ವಾಪಸು ಎಸೆಯಬೇಕಾಗಿಲ್ಲ. ಯಾರ ಕೈಗೆ ಸಿಕ್ಕಿತೋ ಅವರದು.

ಆ ದಿನದ ಲೆಕ್ಕ: ನ್ಯೂಯಾರ್ಕ್ ಜೈಂಟ್ಸ್ ಮತ್ತು ಬ್ರೂಕ್ಲಿನ್ ಡಾಡ್ಜರ್ಸ್ ಲೀಗಿನಲ್ಲಿ ಸಮ ಆಗಿದ್ದರಿಂದ ಮೂರು ಪಂದ್ಯಗಳ ನಿರ್ಣಾಯಕ ಸರಣಿ. ತಲಾ ಒಂದು ಗೆದ್ದಾಗಿದೆ. ಮೂರನೆಯದು ಜೈಂಟ್ಸ್ ತವರಾದ ಪೋಲೊ ಗ್ರೌಂಡ್ಸ್‌ನಲ್ಲಿ. ಜೈಂಟ್ಸ್‌ನ ಕೊನೆಯ ಸರದಿ ಶುರುವಾದಾಗ 4-1ರ ಹಿನ್ನಡೆ. ಡಾರ್ಕ್, ಮುಲ್ಲರ್ ಒಂದೊಂದು ಬೇಸ್ ಗಿಟ್ಟಿಸುತ್ತಾರೆ, ಇರ್ವಿನ್ ಔಟ್, ಲಾಕ್‌ಮನ್ ಹೊಡೆತಕ್ಕೆ ಡಾರ್ಕ್ ಸುತ್ತು ಮುಗಿಸಿ 4-2. ಡಾಡ್ಜರ್ಸ್ ಪಿಚರ್ (ಚೆಂಡು ಎಸೆಯುವವ) ನ್ಯೂಕೊಂಬ್‌ನನ್ನು ತೆಗೆದು 13ನೇ ನಂಬರಿನ ರಾಲ್ಫ್ ಬ್ರಾಂಕಾನನ್ನು ಇಳಿಸುತ್ತಾರೆ. ಅವನ ಎರಡನೇ ಎಸೆತವನ್ನೇ ಬಾಬಿ ಥಾಮ್ಸನ್ ಎಡಗಡೆಯ ಕೆಳ ಗ್ಯಾಲರಿಗೆ ಕಳಿಸುತ್ತಾನೆ. ಬೇಸ್‌ಗಳ ಮೇಲೆ ಇಬ್ಬರು, ತಾನೊಬ್ಬ. 5-4, ಆಟ ಅಲ್ಲಿಗೇ ಮುಗಿಯಿತು. ಆ ಮೈದಾನದ ಎಡಗಡೆಯ ಗಡಿಕಂಬ ಕೇವಲ 279 ಅಡಿ ದೂರ; ಬೇರೆ ಮೈದಾನದಲ್ಲಾಗಿದ್ದರೆ ಅದು ಕ್ಯಾಚ್ ಆಗುತ್ತಿತ್ತೇನೋ. ಸರದಿ ಕಾಯುತ್ತಿದ್ದ ಮುಂದಿನ ಬ್ಯಾಟರ್ ವಿಲ್ಲಿ ಮೇಸ್.

ಇಷ್ಟು ತಿಳಿದಿದ್ದರೆ ಪೀಠಿಕೆಯ ಐವತ್ತು ಪುಟಗಳಲ್ಲಿ ಎಲ್ಲೂ ಎಡವುವುದಿಲ್ಲ. ಅಂದು ಬಂದಿದ್ದವರು 34,320 ಮಂದಿ, ಮೈದಾನ ತುಂಬಿರಲಿಲ್ಲ. ಖಾಲಿ ಸೀಟುಗಳ ಮೇಲೂ ಕಣ್ಣಿಡಿ, ಡೆಲಿಲೊ ಅವನ್ನು ಸುಮ್ಮನೆ ಬಿಟ್ಟಿಲ್ಲ.

ಕಪ್ಪುಶಾಯಿ
ಇದಕ್ಕೆ ಒಂದು ಸೇರಿಕೆ. ಕಾದಂಬರಿಯ ಬೀಜ ಪಂದ್ಯ ಅಲ್ಲ, ಮರುದಿನದ ಪತ್ರಿಕೆ. 1951ರ ಅಕ್ಟೋಬರ್ 4ರ ನ್ಯೂಯಾರ್ಕ್ ಟೈಮ್ಸ್ ಮುಖಪುಟದ ಒಂದು ಬದಿಗೆ ಜೈಂಟ್ಸ್ ಗೆಲುವು, ಇನ್ನೊಂದು ಬದಿಗೆ ಸೋವಿಯತ್ ಒಕ್ಕೂಟದ ಎರಡನೇ ಅಣುಸ್ಫೋಟ. ಎರಡೂ ತಲೆಬರಹ ಒಂದೇ ಅಗಲ, ಒಂದೇ ತೂಕ. ಸ್ಫೋಟ ನಡೆದದ್ದು ಸೆಪ್ಟೆಂಬರ್ 24ಕ್ಕೆ, ಕಝಾಕಿಸ್ತಾನದ ಸೆಮಿಪಲಾಟಿನ್ಸ್ಕ್‌ನಲ್ಲಿ. ಶ್ವೇತಭವನ ಅದನ್ನು ಹೊರಗೆಡವಿದ್ದು ಪಂದ್ಯದ ದಿನ. 1991ರಲ್ಲಿ ಪಂದ್ಯದ ನಲವತ್ತನೇ ವರ್ಷದ ನೆನಪಿನ ಬರಹ ಓದಿದ ಡೆಲಿಲೊ, ಗ್ರಂಥಾಲಯದಲ್ಲಿ ಮೈಕ್ರೋಫಿಲ್ಮ್ ತಿರುಗಿಸಿ ಈ ಪುಟ ಕಂಡುಕೊಂಡ. ಪೀಠಿಕೆ ಮೊದಲು 1992ರ ಅಕ್ಟೋಬರ್‌ನಲ್ಲಿ ‘ಪಾಫ್ಕೊ ಅಟ್ ದಿ ವಾಲ್’ ಹೆಸರಲ್ಲಿ ಹಾರ್ಪರ್ಸ್ ಪತ್ರಿಕೆಯಲ್ಲಿ ಬಂತು. ಪಾಫ್ಕೊ ಅಂದರೆ ಆ ಚೆಂಡು ತಲೆ ಮೇಲೆ ಹಾದುಹೋಗುವಾಗ ಗೋಡೆಯ ಬುಡದಲ್ಲಿ ನಿಂತು ನೋಡಿದ ಡಾಡ್ಜರ್ಸ್ ಫೀಲ್ಡರ್.

827 ಪುಟಕ್ಕೆ ಧೈರ್ಯ ಸಾಲದವರಿಗೆ ಇದೊಂದು ದಾರಿ: ಆ ಭಾಗ ಮಾತ್ರ 2001ರಲ್ಲಿ ಬಿಡಿ ಪುಸ್ತಕವಾಗಿ ಬಂದಿದೆ. ಅದು ರುಚಿಸದಿದ್ದರೆ ಮುಂದಿನದೂ ರುಚಿಸುವುದು ಕಷ್ಟ.

ತುಂಗಾತೀರ
ಎರಡನೇ ಪ್ರಶ್ನೆಗೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಪ್ರತಿ ಭಾಗಕ್ಕೆ ಒಂದು ಹಾಳೆ, ಹಾಳೆಗೆ ಮೂರು ಕಲಂ: ವರ್ಷ ಮತ್ತು ಊರು, ಯಾರು, ಯಾವ ವಸ್ತು. ಮೂರನೆಯ ಕಲಂ ಮುಖ್ಯ. ಈ ಕಾದಂಬರಿಯಲ್ಲಿ ಘಟನೆಗಳಿಗಿಂತ ವಸ್ತುಗಳೇ ಕಾಲ ದಾಟುತ್ತವೆ: ಚೆಂಡು, ಲಕಿ ಸ್ಟ್ರೈಕ್ ಸಿಗರೇಟು, ಕಿತ್ತಳೆ ರಸದ ಜಾಹೀರಾತು, ಬಿ-52 ಬಾಂಬರ್ ವಿಮಾನ. ಕಥಾನಾಯಕ ನಿಕ್ ಶೇಯ ತಂದೆ ಒಂದು ಸಂಜೆ ಲಕಿ ಸ್ಟ್ರೈಕ್ ತರುತ್ತೇನೆಂದು ಹೊರಗೆ ಹೋದವನು ವಾಪಸು ಬರಲಿಲ್ಲ. ಆ ಬ್ರ್ಯಾಂಡ್ ಎಲ್ಲೇ ಕಂಡರೂ ಬರೆದಿಡಿ.

ನೆನಪಿಡಬೇಕಾದ ಹೆಸರು ಹನ್ನೊಂದೇ. ನಿಕ್, ಅವನ ತಮ್ಮ ಮ್ಯಾಟ್, ತಾಯಿ ರೋಸ್‌ಮೆರಿ, ಹೆಂಡತಿ ಮೇರಿಯನ್, ಸಹೋದ್ಯೋಗಿ ಬ್ರಯಾನ್ ಗ್ಲಾಸಿಕ್. ಕಲಾವಿದೆ ಕ್ಲಾರಾ ಸ್ಯಾಕ್ಸ್, ಅವಳ ಮೊದಲ ಗಂಡ ಬ್ರಾಂಝೀನಿ. ಕ್ರೈಸ್ತ ಸನ್ಯಾಸಿನಿ ಸಿಸ್ಟರ್ ಎಡ್ಗರ್. ಚೆಂಡಿನ ಹಿಂದೆ ಬಿದ್ದ ಮಾರ್ವಿನ್ ಲುಂಡಿ. ಕಾಟರ್ ಮಾರ್ಟಿನ್, ಅವನ ಅಪ್ಪ ಮ್ಯಾಂಕ್ಸ್. ಉಳಿದವರನ್ನು ಮರೆತರೂ ನಡೆಯುತ್ತದೆ.

ತೊಡಕಾಗುವ ಜಾಗವೂ ಗೊತ್ತಿರಲಿ. ಅನೇಕ ತುಣುಕುಗಳು ಹೆಸರಿಲ್ಲದೆ ಬರೀ ‘ಅವನು’, ‘ಅವಳು’ ಎಂದು ಶುರುವಾಗುತ್ತವೆ. ಯಾರೆಂದು ಹುಡುಕಲು ಹಿಂದಿನ ಪುಟಕ್ಕೆ ಹೋದರೆ ಲಯ ಕೆಡುತ್ತದೆ, ಉತ್ತರವೂ ಅಲ್ಲಿರುವುದಿಲ್ಲ. ಒಂದೆರಡು ಪುಟ ಮುಂದೆ ಹೋದರೆ ಹೆಸರು ತಾನಾಗಿ ಬರುತ್ತದೆ. ಸಂಭಾಷಣೆಯಲ್ಲೂ ಹಾಗೆಯೇ, ಒಬ್ಬ ಕೇಳಿದ್ದಕ್ಕೆ ಇನ್ನೊಬ್ಬ ಬೇರೇನನ್ನೋ ಹೇಳುತ್ತಾನೆ. ನಿಕ್ ಬೆಳೆದ ನ್ಯೂಯಾರ್ಕಿನ ಬ್ರಾಂಕ್ಸ್ ಬೀದಿಯ ಮಾತು ಅದು. ಗಟ್ಟಿಯಾಗಿ ಓದಿಕೊಂಡರೆ ಹಿಡಿತಕ್ಕೆ ಸಿಗುತ್ತದೆ.

ಪುಟತಿರುವು
ಚೆಂಡಿನ ಸರಪಳಿಯನ್ನೂ ಒಮ್ಮೆ ಬರೆದುಬಿಡಿ ತುಂಗಾತೀರ ಅವರೇ, ಎಲ್ಲರೂ ಕೇಳುವುದು ಅದನ್ನೇ.

ತುಂಗಾತೀರ
ಆಯಿತು. ಶಾಲೆಗೆ ಚಕ್ಕರ್ ಹೊಡೆದು, ಟಿಕೆಟ್ ಇಲ್ಲದೆ ಗೇಟು ಹಾರಿ ಒಳಗೆ ಬಂದ, ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಹುಡುಗ ಕಾಟರ್‌ಗೆ ಚೆಂಡು ಸಿಗುತ್ತದೆ. ರಾತ್ರಿ ಮಗ ಮಲಗಿದ್ದಾಗ ಅಪ್ಪ ಮ್ಯಾಂಕ್ಸ್ ಅದನ್ನು ಎತ್ತಿಕೊಂಡು ಹೊರಡುತ್ತಾನೆ. ಮರುದಿನ ಯಾಂಕೀ ಸ್ಟೇಡಿಯಂನಲ್ಲಿ ವರ್ಲ್ಡ್ ಸೀರೀಸ್ (ಎರಡು ಲೀಗುಗಳ ವಿಜೇತರ ಅಂತಿಮ ಸರಣಿ) ಶುರು. ಟಿಕೆಟ್ಟಿಗಾಗಿ ರಾತ್ರಿಯೇ ಸಾಲುಗಟ್ಟಿದ್ದವರಲ್ಲಿ ಚಾರ್ಲ್ಸ್ ವೇನ್‌ರೈಟ್ ಎಂಬ ಜಾಹೀರಾತು ಕಂಪನಿಯವನಿಗೆ 32 ಡಾಲರ್ ಚಿಲ್ಲರೆಗೆ ಮಾರುತ್ತಾನೆ. ವೇನ್‌ರೈಟ್‌ನಿಂದ ಮಗ ಚಕಿಗೆ, ಅವನು ವಿಯೆಟ್ನಾಂ ಮೇಲೆ ಬಿ-52ರಲ್ಲಿ ಹಾರಿದವನು. ನಡುವೆ ಇನ್ನೂ ಕೆಲವು ಕೈ ದಾಟಿ ಮಾರ್ವಿನ್ ಲುಂಡಿಗೆ. ಅವನಿಂದ ನಿಕ್‌ಗೆ 34,500 ಡಾಲರಿಗೆ. ತಮಾಷೆ ಏನೆಂದರೆ ನಿಕ್ ಜೈಂಟ್ಸ್ ಕಡೆಯವನಲ್ಲ, ಸೋತ ಡಾಡ್ಜರ್ಸ್ ಕಡೆಯವನು. ಅವನು ಕೊಂಡದ್ದು ಸೋಲನ್ನು.

ಗಮನಿಸಬೇಕಾದ್ದು ಮಾರ್ವಿನ್‌ನ ಕೊರತೆ. ವರ್ಷಗಟ್ಟಲೆ ಅಲೆದು, ಹಳೆ ಫೋಟೊಗಳನ್ನು ಚುಕ್ಕೆ ಚುಕ್ಕೆಯಾಗಿ ದೊಡ್ಡದು ಮಾಡಿ ನೋಡಿದರೂ ವೇನ್‌ರೈಟ್‌ಗಿಂತ ಹಿಂದಿನ ಕೊಂಡಿ ಅವನಿಗೆ ಸಿಗುವುದಿಲ್ಲ. ಅಂದರೆ ಈ ಚೆಂಡು ಆ ಚೆಂಡೇ ಎಂದು ಕಾದಂಬರಿಯೊಳಗೆ ಯಾರೂ ರುಜುವಾತು ಮಾಡಲಾರರು. ಆ ಕೊಂಡಿ ಇರುವುದು ‘ಮ್ಯಾಂಕ್ಸ್ ಮಾರ್ಟಿನ್’ ಎಂಬ ಮೂರು ಸಣ್ಣ ಅಧ್ಯಾಯಗಳಲ್ಲಿ. ಓದುಗನಿಗೆ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ. ನಿಜದಲ್ಲೂ ಥಾಮ್ಸನ್ ಹೊಡೆದ ಚೆಂಡು ಇಂದಿಗೂ ಪತ್ತೆಯಾಗಿಲ್ಲ.

ಕಡಲತಡಿ
ಪುಸ್ತಕ ಕೊಳ್ಳುವವರಿಗೆ ಒಂದು ಸೂಚನೆ. ಅಚ್ಚಾದ ಪ್ರತಿಯಲ್ಲಿ ಆ ಮೂರು ಅಧ್ಯಾಯಗಳನ್ನು ಕಪ್ಪು ಹಾಳೆ ಹಾಕಿ ಬೇರ್ಪಡಿಸಿದ್ದಾರೆ. ಪುಸ್ತಕ ಮುಚ್ಚಿ ಅಂಚು ನೋಡಿದರೂ ಕಪ್ಪು ಗೆರೆಗಳು ಕಾಣುತ್ತವೆ. ಇ-ಬುಕ್‌ನಲ್ಲಿ ಆ ಗುರುತು ಕೈಗೆ ಹತ್ತುವುದಿಲ್ಲ, 1992 ಮತ್ತು 1978ರ ನಡುವೆ ಹಠಾತ್ತಾಗಿ 1951ರ ಹಾರ್ಲೆಮ್ ಯಾಕೆ ಬಂತು ಅಂತ ಗಲಿಬಿಲಿ ಆಗುತ್ತದೆ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಕಾಗದದ ಪ್ರತಿಯೇ ತಗೊಳ್ಳಿ.

ಹಳೇಪೇಟೆ
ಮೂರನೇ ಪ್ರಶ್ನೆಗೆ ನನ್ನ ಉತ್ತರ ಕೆಲವರಿಗೆ ಹಿಡಿಸಲಿಕ್ಕಿಲ್ಲ: ತಿರುಗಿಸಿ ಓದಿ, ಏನೂ ಆಗಲ್ಲ. ಪೀಠಿಕೆ, ಮೂರು ಮ್ಯಾಂಕ್ಸ್ ಅಧ್ಯಾಯ, ಆಮೇಲೆ ಭಾಗ 6, 5, 4, 3, 2, 1, ಉಪಸಂಹಾರ. ಬ್ರಾಂಕ್ಸ್‌ನ ಹುಡುಗ ನಿಕ್, ಅವನಿಗೂ ಕ್ಲಾರಾಗೂ ಆದ ಸಂಬಂಧ, ಜಾರ್ಜ್ ಮಾಂಝಾನ ಸಾವು, ಸುಧಾರಣಾ ಶಾಲೆ, ಜೆಸ್ಯೂಟ್ ಪಾದ್ರಿಗಳು, ಫೀನಿಕ್ಸ್, ಕಸದ ಕಂಪನಿ, ಎಲ್ಲ ಸಾಲಾಗಿ ಸಿಗುತ್ತೆ. ಬರೆದವನ ಜೋಡಣೆಯೇ ವೇದವಾಕ್ಯ ಅಂತೇನಿಲ್ಲ. ಎಷ್ಟೋ ಜನ ಈ ತಲೆನೋವಿಗೇ ಪುಸ್ತಕ ಬಿಡ್ತಾರೆ ಅಂದಮೇಲೆ ಪೂರ್ತಿ ಓದಿಸೋ ಉಪಾಯ ತಪ್ಪೇನು?

ಪುಟತಿರುವು
ಎರಡನೇ ಓದಿಗೆ ಒಪ್ಪುತ್ತೇನೆ ಹಳೇಪೇಟೆಯವರೇ. ಮೊದಲ ಓದಿಗೆ ಇದು ಪುಸ್ತಕದ ಬೆನ್ನುಮೂಳೆ ತೆಗೆದ ಹಾಗೆ. ಕಾರಣ ಹೇಳುತ್ತೇನೆ.

ಜಾರ್ಜ್ ಒಂದು ಬಂದೂಕು ನಿಕ್‌ನ ಕೈಗೆ ಕೊಡುತ್ತಾನೆ. ಗುಂಡು ತುಂಬಿದೆಯಾ ಅಂತ ನಿಕ್ ಕೇಳುತ್ತಾನೆ, ಇಲ್ಲ ಅನ್ನುತ್ತಾನೆ ಜಾರ್ಜ್. ಟ್ರಿಗರ್ ಎಳೆದರೆ ಗುಂಡು ಹಾರುತ್ತದೆ. ಇದು 1952, ನಿಕ್‌ಗೆ 17. ಆದರೆ ಇದು ನಮಗೆ ಸಿಗುವುದು ಆರನೇ ಭಾಗದ ಕೊನೆಗೆ, ಏಳುನೂರು ಪುಟ ಕಳೆದ ಮೇಲೆ. ಅಷ್ಟರಲ್ಲಿ 57 ವರ್ಷದ ನಿಕ್‌ನನ್ನು ನೋಡಿಯಾಗಿದೆ: ಎಲ್ಲವನ್ನೂ ಅಳೆದು ಮಾತಾಡುವವನು, ಕಸವನ್ನು ಭದ್ರವಾಗಿ ಹೂಳುವ ಕೆಲಸದವನು. ಅವನು ಯಾಕೆ ಹೀಗೆ ಎಂದು ನಾವು ಅಷ್ಟು ಹೊತ್ತು ಊಹಿಸಿರುತ್ತೇವೆ. ಸಾಲಾಗಿ ಓದಿದರೆ ಬಂದೂಕು ಮೊದಲೇ ಸಿಡಿದು, ಉಳಿದದ್ದೆಲ್ಲ ಅದರ ಪರಿಣಾಮದ ಪಟ್ಟಿಯಾಗುತ್ತದೆ. ಕಾದಂಬರಿ ಹೋಗಿ ಕೇಸ್ ಫೈಲ್.

ಇನ್ನೊಂದು ಇದೆ. ಮೊದಲ ಭಾಗದಲ್ಲಿ, ಮರುಭೂಮಿಯಲ್ಲಿ ಲೆಕ್ಸಸ್ ಓಡಿಸುವ ನಿಕ್ ‘ನಾನು’ ಎಂದು ಕಥೆ ಹೇಳುತ್ತಾನೆ. ಆರನೇ ಭಾಗದ ನಿಕ್ ‘ಅವನು’. ತನ್ನ ಹದಿಹರೆಯದ ಬಗ್ಗೆ ಆತನಿಗೇ ‘ನಾನು’ ಎನ್ನುವ ಹಕ್ಕು ಇಲ್ಲದಂತೆ. ಕ್ರಮ ತಿರುಗಿಸಿದರೆ ಈ ಇಳಿತ ಏರಾಗಿಬಿಡುತ್ತದೆ, ಹುಡುಗ ಬೆಳೆದು ತನ್ನ ದನಿ ಕಂಡುಕೊಂಡ ಎಂಬ ಮಾಮೂಲಿ ಕಥೆ ಕೈಗೆ ಬರುತ್ತದೆ. ಡೆಲಿಲೊ ಬರೆದದ್ದು ಅದರ ವಿರುದ್ಧದ್ದು.

ಹಳೇಪೇಟೆ
‘ನಾನು-ಅವನು’ ಮಾತು ಒಪ್ಪಿದೆ. ಆದರೂ ಐದನೇ ಭಾಗಕ್ಕೆ ಬಂದಾಗ ನೀವೂ ಒಪ್ಪಬೇಕು: ಅದು ಬೇಕೆಂದೇ ಚೆಲ್ಲಾಪಿಲ್ಲಿ. ಅಲ್ಲಿ ಯಾವ ಕ್ರಮದಲ್ಲಿ ಓದಿದರೂ ನಷ್ಟ ಇಲ್ಲ.

ಕಪ್ಪುಶಾಯಿ
ಐದನೇ ಭಾಗ ಚೆಲ್ಲಾಪಿಲ್ಲಿ ಅಲ್ಲ, ಅದಕ್ಕೆ ಒಂದು ತಾಳ ಇದೆ. ಲೆನ್ನಿ ಬ್ರೂಸ್‌ನ ಪ್ರದರ್ಶನಗಳನ್ನು ಹಿಡಿದುಕೊಳ್ಳಿ. 1962ರ ಅಕ್ಟೋಬರ್ 22ಕ್ಕೆ ಕೆನಡಿ ಟಿವಿಯಲ್ಲಿ ಕ್ಯೂಬಾದ ಕ್ಷಿಪಣಿಗಳ ಸುದ್ದಿ ಹೇಳಿದ ಮೇಲಿನ ದಿನಗಳಲ್ಲಿ ಈ ಹಾಸ್ಯಗಾರ ಊರಿಂದೂರಿಗೆ ಹೋಗಿ ವೇದಿಕೆ ಹತ್ತುತ್ತಾನೆ, ನಾವೆಲ್ಲ ಸಾಯುತ್ತೇವೆ ಎಂದು ಕಿರುಚಿ ಜನರನ್ನು ನಗಿಸುತ್ತಾನೆ. ಆ ತುಣುಕುಗಳನ್ನು ಗೂಟಗಳೆಂದು ಇಟ್ಟುಕೊಂಡರೆ 1965ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಕತ್ತಲಾದ ರಾತ್ರಿ, 1966ರ ನವೆಂಬರ್ 28ಕ್ಕೆ ಪ್ಲಾಝಾ ಹೋಟೆಲಿನಲ್ಲಿ ಲೇಖಕ ಟ್ರೂಮನ್ ಕಪೋಟಿ ಕೊಟ್ಟ ಕಪ್ಪು-ಬಿಳುಪು ಪಾರ್ಟಿ, ಎಲ್ಲ ತಮ್ಮ ಜಾಗದಲ್ಲಿ ಕೂರುತ್ತವೆ.

ಇಲ್ಲಿ ನಿಜ ಯಾವುದು, ಕಟ್ಟಿದ್ದು ಯಾವುದು ಅಂತ ಪದೇ ಪದೇ ಕೇಳುತ್ತಾರೆ. ಪಂದ್ಯ ನಿಜ. ಗ್ಯಾಲರಿಯಲ್ಲಿ ಎಫ್‌ಬಿಐನ ಮುಖ್ಯಸ್ಥ ಹೂವರ್, ಗಾಯಕ ಸಿನಾತ್ರಾ, ಹಾಸ್ಯನಟ ಜಾಕಿ ಗ್ಲೀಸನ್ ಇದ್ದದ್ದಕ್ಕೆ ಆಧಾರ ಇದೆ. ಹೂವರ್‌ನ ತಲೆಯೊಳಗೆ ಏನು ಓಡಿತು ಎಂಬುದು ಡೆಲಿಲೊನದು. ಲೈಫ್ ಪತ್ರಿಕೆಯಿಂದ ಹರಿದು ಬೀಳುವ, ಹದಿನಾರನೇ ಶತಮಾನದ ಚಿತ್ರಕಾರ ಬ್ರೂಗೆಲ್‌ನ ಚಿತ್ರ ‘ದಿ ಟ್ರಯಂಫ್ ಆಫ್ ಡೆತ್’ ನಿಜ, ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ. ಬ್ರೂಸ್ ನಿಜ, ಅವನ ಬಾಯಿಗೆ ಹಾಕಿದ ಮಾತು ಕಟ್ಟಿದ್ದು. ಸೋವಿಯತ್ ಸಿನಿಮಾ ನಿರ್ದೇಶಕ ಐಸೆನ್‌ಸ್ಟೈನ್‌ನದೆಂದು 1974ರಲ್ಲಿ ರೇಡಿಯೊ ಸಿಟಿ ಹಾಲಿನಲ್ಲಿ ತೋರಿಸುವ ‘ಉಂಟರ್‌ವೆಲ್ಟ್’ ಚಿತ್ರ ಪೂರ್ತಿ ಕಟ್ಟಿದ್ದು, ಹುಡುಕಲು ಹೋಗಬೇಡಿ. ಅದೇ ಬೇಸಿಗೆ ಒಂದು ಪಾರ್ಟಿಯಲ್ಲಿ ಕದ್ದು ತೋರಿಸುವ ಝಪ್ರೂಡರ್ ಚಿತ್ರ ನಿಜ. ಕೆನಡಿ ಹತ್ಯೆಯ ಆ 26 ಸೆಕೆಂಡಿನ 8 ಎಂಎಂ ರೀಲು ರಾಷ್ಟ್ರೀಯ ಟಿವಿಯಲ್ಲಿ ಬಂದದ್ದು 1975ರ ಮಾರ್ಚ್‌ನಲ್ಲಿ. ಹಾಗಾಗಿ 1974ರಲ್ಲಿ ಅದನ್ನು ಕದ್ದುಮುಚ್ಚಿ ನೋಡುವುದು ಕಾಲಕ್ಕೆ ಸರಿಯಾಗಿಯೇ ಇದೆ.

ಬಾಲ್ಕನಿ ಸೀಟು
ಮಾರ್ವಿನ್‌ನ ಒಂದು ಮಾತನ್ನು ಅಳೆದು ನೋಡಬಹುದು. ಅಣುಬಾಂಬಿನ ತಿರುಳು ಬೇಸ್‌ಬಾಲ್‌ನಷ್ಟೇ ಗಾತ್ರ ಅನ್ನುತ್ತಾನೆ ಅವನು. ನಿಯಮದ ಪ್ರಕಾರ ಬೇಸ್‌ಬಾಲ್ ಸುತ್ತಳತೆ 9ರಿಂದ 9.25 ಇಂಚು, ಅಂದರೆ ಅಡ್ಡಳತೆ 7.4 ಸೆಂ.ಮೀ. ಆಸುಪಾಸು, ತೂಕ 5ರಿಂದ 5.25 ಔನ್ಸ್. ನಾಗಸಾಕಿ ಬಾಂಬಿನ ಪ್ಲುಟೋನಿಯಂ ಗೋಳದ ಅಡ್ಡಳತೆ 9.2 ಸೆಂ.ಮೀ., ತೂಕ 6.2 ಕಿಲೊ. ಎರಡು ಸೆಂ.ಮೀ.ಗೆ ತಪ್ಪಿದ. ಕಾದಂಬರಿಯಲ್ಲೇ ಎದುರಿಗಿರುವವನು ಅಡ್ಡಮಾತು ಹಾಕುತ್ತಾನೆ ಅನ್ನುವುದನ್ನೂ ಮರೆಯಬಾರದು. ಸೋವಿಯತ್ ನಾಯಕ ಗೋರ್ಬಚೇವ್ ತಲೆಯ ಮಚ್ಚೆ ಲಾಟ್ವಿಯಾದ ನಕ್ಷೆ ಎಂದು ನಂಬಿದ ಮನುಷ್ಯ ಮಾರ್ವಿನ್. ಅವನ ಮಾತನ್ನು ಲೇಖಕನ ಮಾತೆಂದು ಉದ್ಧರಿಸುವ ಪ್ರಬಂಧ ಕಂಡರೆ ದೂರ ಇರಿ.

ಕಡಲತಡಿ
ಚೆಂಡಿನ ಗದ್ದಲದಲ್ಲಿ ಕಸ ಮೂಲೆಗೆ ಬಿತ್ತು. ನನಗೆ ಕಾದಂಬರಿಯ ನಿಜವಾದ ಯಂತ್ರ ಅದೇ ಅನ್ನಿಸುತ್ತದೆ. ಬ್ರಯಾನ್ ನಿಂತು ನೋಡುವ ಸ್ಟೇಟನ್ ಐಲೆಂಡಿನ ಫ್ರೆಶ್ ಕಿಲ್ಸ್ ಕಸದ ಗುಡ್ಡ 1948ರಿಂದ ಬೆಳೆದದ್ದು. ಅಲ್ಲಿಂದ ಟ್ವಿನ್ ಟವರ್ಸ್ ಕಾಣುತ್ತವೆ. ಎರಡು ಕಟ್ಟಡಗಳಿಗೂ ಈ ಗುಡ್ಡಕ್ಕೂ ಅವನಿಗೆ ಏನೋ ನಂಟು ತೋರುತ್ತದೆ. 2001ರ ಮಾರ್ಚ್‌ನಲ್ಲಿ ಮುಚ್ಚಿದ ಆ ಜಾಗವನ್ನು ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆದು ಅದೇ ಗೋಪುರಗಳ ಅವಶೇಷ ಸುರಿದರು. ಮುಖಪುಟದಲ್ಲಿ ಬೇರೆ ಆಂದ್ರೆ ಕರ್ಟೆಸ್ ತೆಗೆದ, ಮಂಜಿನಲ್ಲಿ ಮುಳುಗಿದ ಗೋಪುರಗಳ ಫೋಟೊ. ಭವಿಷ್ಯವಾಣಿ ಅಂತ ಕೊಂಡಾಡುವುದು ಬೇಡ. ನಗರದ ಅತಿ ಎತ್ತರದ್ದೂ ಅತಿ ದೊಡ್ಡ ತಿಪ್ಪೆಯೂ ಒಂದೇ ನೋಟಕ್ಕೆ ಸಿಗುವ ಜಾಗವನ್ನು ಡೆಲಿಲೊ ಸರಿಯಾಗಿ ಆರಿಸಿದ, ಅಷ್ಟೇ.

ಕಸಕ್ಕೆ ಮೂರು ಗತಿ ತೋರಿಸುತ್ತಾನೆ. ನಿಕ್ ಹೂಳುತ್ತಾನೆ. ಕ್ಲಾರಾ ಮರುಭೂಮಿಯಲ್ಲಿ ಬಿಟ್ಟುಹೋದ ಬಿ-52ಗಳಿಗೆ ಬಣ್ಣ ಬಳಿದು ಕಲೆ ಮಾಡುತ್ತಾಳೆ. ಲಾಸ್ ಏಂಜಲೀಸ್‌ನ ವಾಟ್ಸ್ ಟವರ್ಸ್ ಬರುವುದೂ ಇದೇ ಕಾರಣಕ್ಕೆ, ಸಬಾಟೊ ರೋಡಿಯಾ ಒಡೆದ ಪಿಂಗಾಣಿ, ಬಾಟ್ಲಿ ಚೂರು ಸೇರಿಸಿ 1921ರಿಂದ 33 ವರ್ಷ ಒಬ್ಬನೇ ಕಟ್ಟಿದ್ದು. ಮೂರನೆಯದು ಉಪಸಂಹಾರದಲ್ಲಿ, ಕಝಾಕಿಸ್ತಾನದಲ್ಲಿ: ಅಪಾಯದ ತ್ಯಾಜ್ಯವನ್ನು ನೆಲದಡಿ ಅಣುಸ್ಫೋಟದಿಂದಲೇ ಸುಡುವ ವ್ಯಾಪಾರ. ಪೀಠಿಕೆಯಲ್ಲಿ ಸುದ್ದಿಯಾಗಿ ಮಾತ್ರ ಬಂದ ನೆಲಕ್ಕೆ ನಿಕ್ ಕಾಲಿಡುತ್ತಾನೆ, ಅಲ್ಲಿ ಮ್ಯೂಸಿಯಂನಲ್ಲಿ ಜಾಡಿಯೊಳಗಿಟ್ಟ ವಿಕಾರ ಭ್ರೂಣಗಳನ್ನು ನೋಡುತ್ತಾನೆ. ಉಪಸಂಹಾರ ಬೇಸರ ಅಂತ ಹಾರಿಸುವವರು ಇದನ್ನು ಕಳೆದುಕೊಳ್ಳುತ್ತಾರೆ.

ನೆರಳುಬೆಳಕು
ಪೋಸ್ಟ್‌ಮಾಡರ್ನ್ (ಆಧುನಿಕೋತ್ತರ) ಎಂಬ ಹಣೆಪಟ್ಟಿ ಇದಕ್ಕೆ ಹೊಂದುತ್ತಾ? ಭಾಗಗಳ ಶೀರ್ಷಿಕೆಗಳೆಲ್ಲ ಎರವಲು: ಲಿಟಲ್ ರಿಚರ್ಡ್‌ನ 1956ರ ಹಾಡು, ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಅನುಭಾವಿ ಗ್ರಂಥ, ಡ್ಯುಪಾಂಟ್ ಕಂಪನಿಯ ಜಾಹೀರಾತು ಘೋಷವಾಕ್ಯ, ವಿಸ್ಲರ್‌ನ ಚಿತ್ರ, ಮಾರ್ಕ್ಸ್‌ನ ಪುಸ್ತಕ. ಎತ್ತರದ್ದು ತಗ್ಗಿನದು ಒಂದೇ ಬುಟ್ಟಿಯಲ್ಲಿ. ಇಷ್ಟು ಸಾಕಲ್ವಾ?

ಕಪ್ಪುಶಾಯಿ
ಬುಟ್ಟಿ ಪೋಸ್ಟ್‌ಮಾಡರ್ನ್, ಒಳಗಿನ ಸಂಕಟ ಹಳೆಯದು. ಫಾದರ್ ಪೌಲಸ್ ಹುಡುಗ ನಿಕ್‌ಗೆ ಅವನ ಕಾಲಿನ ಬೂಟಿನ ಒಂದೊಂದು ಭಾಗದ ಹೆಸರು ಹೇಳಿಸುವ ದೃಶ್ಯ ನೋಡಿ. ಹೆಸರಿಗೂ ವಸ್ತುವಿಗೂ ನಂಟು ಕಡಿದಿದೆ ಎಂದು ನಂಬಿದವನು ಅದನ್ನು ಬರೆಯುತ್ತಿರಲಿಲ್ಲ.

ಹಳೇಪೇಟೆ
ಸರಿ, ನನ್ನ ದೊಡ್ಡ ತಕರಾರು ಈಗ. ಕಾಟರ್ ಎಲ್ಲಿ ಹೋದ? ಐವತ್ತು ಪುಟ ಅವನ ಜೊತೆ ಓಡಿಸಿ, ಆಮೇಲೆ ಅಪ್ಪನ ಮೂರು ಅಧ್ಯಾಯದಲ್ಲಿ ಒಂಚೂರು ತೋರಿಸಿ, ಮುಗೀತು. ಬಿಳಿಯರ ಕೈಯಲ್ಲಿ ಚೆಂಡು ನಲವತ್ತು ವರ್ಷ ಸುತ್ತುತ್ತೆ, ಬೆಲೆ ಸಾವಿರ ಪಟ್ಟು ಏರುತ್ತೆ. ಚೆಂಡು ಹಿಡಿದ ಹುಡುಗ ದೊಡ್ಡವನಾಗಿ ಏನಾದ ಅನ್ನೋದಕ್ಕೆ 827 ಪುಟದಲ್ಲಿ ಒಂದು ಸಾಲಿಲ್ಲ. ಅಮೆರಿಕದ ನೆನಪಿನ ಕಾದಂಬರಿ ಅಂತೀರಿ, ಮರೆತದ್ದು ಯಾರನ್ನ ನೋಡಿ.

ತುಂಗಾತೀರ
ತಕರಾರು ನ್ಯಾಯವೇ, ವಿಮರ್ಶಕರೂ ಎತ್ತಿದ್ದಾರೆ. ಆದರೆ ಪೀಠಿಕೆಯಲ್ಲೇ ಅದರ ಪಾಯ ಹಾಕಿದೆ. ಪಂದ್ಯದುದ್ದಕ್ಕೂ ಕಾಟರ್ ಪಕ್ಕ ಕೂತು, ಕಡಲೆಕಾಯಿ ಹಂಚಿಕೊಂಡು ಅಣ್ಣನಂತೆ ಮಾತಾಡಿದ ಬಿಲ್ ವಾಟರ್ಸನ್ ಎಂಬ ಬಿಳಿಯನೇ, ಚೆಂಡು ಹುಡುಗನ ಕೈಗೆ ಹೋದ ಕೂಡಲೇ ಅವನ ಬೆನ್ನು ಹತ್ತುತ್ತಾನೆ. ಮೊದಲು ಪುಸಲಾಯಿಸುತ್ತಾನೆ, ಆಮೇಲೆ ಬೆದರಿಸುತ್ತಾನೆ. ಹಾರ್ಲೆಮ್‌ನೊಳಗೆ ಬಂದ ಮೇಲೆ ತಾನೊಬ್ಬನೇ ಬಿಳಿಯ ಎಂದು ಅರಿವಾಗಿ ನಿಲ್ಲುತ್ತಾನೆ. ಮೈದಾನದಲ್ಲಿ ರಾಬಿನ್ಸನ್, ಮೇಸ್, ಇರ್ವಿನ್, ನ್ಯೂಕೊಂಬ್ ಎಂಬ ಕಪ್ಪು ಆಟಗಾರರಿದ್ದಾರೆ; ಗ್ಯಾಲರಿಯಲ್ಲಿ ಅವರಂಥ ಹುಡುಗನಿಗೆ ಒಂದು ಚೆಂಡು ದಕ್ಕುವುದು ಕಷ್ಟ. ಆಮೇಲೆ ಕಾಟರ್ ಇಲ್ಲದಿರುವುದು ಮಾರ್ವಿನ್‌ಗೆ ಸಿಗದ ಕೊಂಡಿಯೇ ಹೌದು. ನೆನಪಿನ ವ್ಯಾಪಾರದ ದಾಖಲೆಯಲ್ಲಿ ವೇನ್‌ರೈಟ್ ಇದ್ದಾನೆ, ಕಾಟರ್ ಇಲ್ಲ.

ಹಳೇಪೇಟೆ
ಅದು ಕಾದಂಬರಿಯ ಪಾತ್ರಗಳಿಗೆ ನೆಪ. ಡೆಲಿಲೊಗೆ ಗೊತ್ತಿತ್ತಲ್ಲ?

ತುಂಗಾತೀರ
ಗೊತ್ತಿತ್ತು. ಕಪ್ಪು ಹಾಳೆ ಹಾಕಿ ಮೂರು ಕಡೆ ಗುರುತು ಮಾಡಿದ. ನಾಲ್ಕನೆಯದೂ ಬೇಕಿತ್ತು ಅನ್ನುವವರ ಜೊತೆ ನನ್ನ ಜಗಳ ಇಲ್ಲ. ಮ್ಯಾಂಕ್ಸ್ ಅಧ್ಯಾಯಗಳನ್ನು ಮಾತ್ರ, ಪುಸ್ತಕ ಮುಗಿದ ಮೇಲೆ, ಒಂದೇ ಕೂರಿಕೆಯಲ್ಲಿ ಮೂರನ್ನೂ ಓದಿ ನೋಡಿ. ಒಂದು ರಾತ್ರಿಯ ಕಥೆ ಅದು, ಬಾರಿನಿಂದ ಸ್ಟೇಡಿಯಂವರೆಗೆ. ಮಗನದನ್ನು ಮಾರುತ್ತಿದ್ದೇನೆ ಎಂಬುದನ್ನು ಮ್ಯಾಂಕ್ಸ್ ತನಗೆ ತಾನೇ ಹೇಗೆಲ್ಲ ಸಮಜಾಯಿಷಿ ಕೊಟ್ಟುಕೊಳ್ಳುತ್ತಾನೆ, ಬೆಲೆ ಹೇಗೆ ಇಳಿಯುತ್ತಾ ಬರುತ್ತದೆ, ನಡುವೆ ಬಿಟ್ಟು ಬಿಟ್ಟು ಓದಿದಾಗ ಹಿಡಿಯುವುದಿಲ್ಲ.

ಪುಟತಿರುವು
ಹಾಗಾದರೆ ಮುಂದಿನ ತಿಂಗಳ ಸಾಮೂಹಿಕ ಓದಿಗೆ ಹೀಗೆ ಇಡೋಣ: ದಿನಕ್ಕೆ 25 ಪುಟ, 34ನೇ ದಿನಕ್ಕೆ ಮುಗಿಯುತ್ತದೆ. ಕ್ರಮ ಪುಸ್ತಕದ್ದೇ. ಮುಗಿದ ಮೇಲೆ ಮೂರು ಮ್ಯಾಂಕ್ಸ್ ಅಧ್ಯಾಯ ಒಟ್ಟಿಗೆ. ಕಾಟರ್ ವಿಚಾರಕ್ಕೆ ಬೇರೆ ಎಳೆ ತೆರೆಯುತ್ತೇನೆ, ಹಳೇಪೇಟೆಯವರು ಮೊದಲ ಬರಹ ಹಾಕಲಿ.

ಹಳೇಪೇಟೆ
ಹಾಕ್ತೀನಿ. ಪಟ್ಟಿಯಲ್ಲಿ ಬಿಲ್ ವಾಟರ್ಸನ್ ಹೆಸರನ್ನೂ ಸೇರಿಸಿ, ಹನ್ನೆರಡು ಆಗಲಿ.